ವಲಿ, ಹಜರತ್, ಮುತ್ಯಾ: ಬೀದರದಿಂದ ಒಂದು ಉತ್ತರ

ನಮ್ಮ ಬೀದರದ ಪಕ್ಕದ ಅಷ್ಟೂರ ಜಾತ್ರೆಯ ಫೋಟೊ ನೋಡಿ ಮೂರು ಪ್ರಶ್ನೆ ಕೇಳಿದ್ದೀರಿ. ಗುಂಬಜಿನೊಳಗೆ ಮಲಗಿರುವವನು ರಾಜನೋ ಸಂತನೋ? ಇಸ್ಲಾಮಿನಲ್ಲಿ ಒಬ್ಬರನ್ನು ಸಂತ ಎಂದು ಘೋಷಿಸುವವರು ಯಾರು? ಹೆಸರಿನ ಹಿಂದೆ ಮುಂದೆ ಅಷ್ಟೊಂದು ಬಿರುದು ಯಾಕೆ? ನೀವು ಮೈಸೂರು ಕಡೆಯವರು, ನಾನು ತೆಲಂಗಾಣಕ್ಕೂ ಮಹಾರಾಷ್ಟ್ರಕ್ಕೂ ಬೆನ್ನು ತಾಗಿಸಿಕೊಂಡ ಬೀದರದವನು. ನಮ್ಮಲ್ಲಿ ಸಂತೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಭಾಷೆ ಬಾಯಿಗೆ ಬಂದಿರುತ್ತವೆ. ಹಾಗಾಗಿ ಉತ್ತರ ಸ್ವಲ್ಪ ಅಡ್ಡಾದಿಡ್ಡಿ ಹೋದರೆ ಬೇಸರಿಸಬೇಡಿ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಯಾರೂ ಇಲ್ಲ. ರೋಮಿನಲ್ಲಿ ಪೋಪ್ ವಿಚಾರಣೆ ನಡೆಸಿ ಸಂತಪದವಿ ಕೊಡುವಂಥ ಪೀಠ ಇಸ್ಲಾಮಿನಲ್ಲಿಲ್ಲ. ‘ಪವಿತ್ರ’ ಎಂಬರ್ಥದ ‘ಖುದ್ದೂಸ್’ ಅನ್ನುವುದು ಅಲ್ಲಾಹನ ಹೆಸರುಗಳಲ್ಲೊಂದು. ಮನುಷ್ಯನಿಗೆ ಸಿಗುವುದು ‘ವಲಿ’ ಎಂಬ ಮಾತು. ಅದರ ಬೇರಿನಲ್ಲಿರುವುದು ಸಾಮೀಪ್ಯ. ವಲಿ ಎಂದರೆ ದೇವರಿಗೆ ಹತ್ತಿರದವನು, ಅವನ ಗೆಳೆಯ. ಕುರಾನಿನ 10ನೇ ಅಧ್ಯಾಯದ 62ನೇ ವಚನದಲ್ಲಿ ಈ ಗೆಳೆಯರ ಮಾತು ಬರುತ್ತದೆ: ಅವರಿಗೆ ಭಯವಿಲ್ಲ, ಅವರು ದುಃಖಿಸುವುದಿಲ್ಲ ಎಂದು. ವಿಶ್ವಾಸವಿಟ್ಟು ದೇವರಿಗೆ ಅಂಜಿ ನಡೆದವರು ಅವರು ಎಂದು ಮುಂದಿನ ವಚನ ಹೇಳುತ್ತದೆಯೇ ಹೊರತು ಹೆಸರಿನ ಪಟ್ಟಿ ಕೊಡುವುದಿಲ್ಲ. ಹೆಸರು ತುಂಬಿಕೊಂಡದ್ದು ಜನರ ಬಾಯಿ.

ಜನರ ಬಾಯಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ ಅಷ್ಟೂರಿಗೇ ಬರಬೇಕು. ಬೀದರ ಊರಿನಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಆಚೀಚೆ. ಹೊಲದ ನಡುವೆ ಬಹಮನಿ ಸುಲ್ತಾನರ ಗುಂಬಜುಗಳು ಸಾಲಾಗಿ ನಿಂತಿವೆ. ಒಂದರಲ್ಲಿ ಅಹ್ಮದ್ ಶಾಹ, ಆಳಿದ್ದು 1422ರಿಂದ 1436. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು ಇವನೇ. ಪಟ್ಟಕ್ಕೆ ಬಂದ ಹೊಸದರಲ್ಲಿ ಮಳೆ ಹೋಯಿತು, ಬರ ಬಿತ್ತು. ಸುಲ್ತಾನ ಊರ ಹೊರಗೆ ಗುಡ್ಡ ಹತ್ತಿ ದೇವರ ಮುಂದೆ ಹಣೆ ಹಚ್ಚಿ ಬೇಡಿಕೊಂಡ, ಮೋಡ ಕವಿದು ಮಳೆ ಬಂತು, ನೆಂದ ಜನ ‘ವಲಿ’ ಎಂದು ಕೂಗಿದರು. ಇದು ಹಳೆಯ ಚರಿತ್ರೆಕಾರರೂ ಬರೆದಿಟ್ಟ ಕಥೆ. ಅವತ್ತಿನಿಂದ ಅವನು ಅಹ್ಮದ್ ಶಾಹ ವಲಿ.

ಅದೇ ಸಾಲಿನಲ್ಲಿ ಅವನ ಮೊಮ್ಮಗ ಹುಮಾಯೂನ್ ಶಾಹನ ಗುಂಬಜು ಇದೆ. 1458ರಿಂದ 1461ರವರೆಗೆ ಮೂರೇ ವರ್ಷ ಆಳಿದವನು. ಅವನಿಗೂ ಬಿರುದಿದೆ: ‘ಜಾಲಿಮ್’, ಕ್ರೂರಿ. ಗುಂಬಜು ಹಲಸಿನ ಹಣ್ಣು ಕೊಯ್ದಿಟ್ಟಂತೆ ಅರ್ಧ ಸೀಳಿ ಬಿದ್ದು ಉಳಿದರ್ಧ ಬಾಯ್ದೆರೆದು ನಿಂತಿದೆ. ಸಿಡಿಲು ಬಡಿಯಿತು ಅನ್ನುತ್ತಾರೆ. ನಾವು ಸಣ್ಣವರಿದ್ದಾಗ ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ಅವ್ವ ಎಬ್ಬಿಸಿಕೊಂಡು ಹೋಗಿ ಅಜ್ಜನ ಗುಂಬಜಿನ ಕಡೆ ಕೂಡಿಸುತ್ತಿದ್ದಳು. ಒಂದೇ ಮನೆತನ, ಒಂದೇ ಸಾಲು, ಒಂದೇ ಸುಣ್ಣ ಕಲ್ಲು. ಅಜ್ಜನಿಗೆ ವಲಿ, ಮೊಮ್ಮಗನಿಗೆ ಜಾಲಿಮ್. ಎರಡಕ್ಕೂ ಯಾವ ಕಚೇರಿಯ ಮೊಹರೂ ಇಲ್ಲ.

ಅರಮನೆಯಿಂದ ಹೊರಟ ಬಿರುದುಗಳೂ ಇದ್ದವು. ಅಹ್ಮದ್ ಶಾಹ ಇರಾನಿನ ಕಿರ್ಮಾನ್ ಕಡೆಯ ಸೂಫಿ ಶಾಹ ನಿಅಮತುಲ್ಲಾ ವಲಿಯನ್ನು ಬೀದರಕ್ಕೆ ಕರೆಸಿದ. ಅವರು ಬರಲಿಲ್ಲ, ಮೊಮ್ಮಗ ನೂರುಲ್ಲಾನನ್ನು ಕಳಿಸಿದರು. ಸುಲ್ತಾನ ಅವನಿಗೆ ಮಗಳನ್ನು ಕೊಟ್ಟು ‘ಮಲಿಕ್-ಉಲ್-ಮಶಾಯಿಖ್’ ಎಂದ, ಅಂದರೆ ಶೇಖ್‌ಗಳಿಗೆಲ್ಲ, ಸೂಫಿ ಗುರುಗಳಿಗೆಲ್ಲ ಅರಸ. ಆಮೇಲೆ ನಿಅಮತುಲ್ಲಾರ ಮಗ ಖಲೀಲುಲ್ಲಾ ಕೂಡ ಬಂದರು. ಅಷ್ಟೂರ ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ಇದೆಯಲ್ಲ, ಅದು ಅವರ ಸಮಾಧಿ. ಚೌಖಂಡಿ ಎಲ್ಲಿ ಎಂದರೆ ಆಟೊದವನು ಕರೆದೊಯ್ಯುತ್ತಾನೆ. ‘ಮಲಿಕ್-ಉಲ್-ಮಶಾಯಿಖ್’ ಯಾರು ಎಂದರೆ ಮುಖ ನೋಡುತ್ತಾನೆ.

ಈಗ ಜಾತ್ರೆಗೆ ಬರೋಣ, ನಿಮ್ಮ ಫೋಟೊ ಅದರದ್ದೇ ತಾನೆ. ಹೋಳಿ ಹುಣ್ಣಿಮೆ ಮುಗಿದ ಮೇಲೆ, ಬಿಸಿಲು ಏರುವ ದಿನಗಳಲ್ಲಿ ಅಷ್ಟೂರ ಉರುಸು. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಶಂಖ ಊದುತ್ತಾ ಬಂದು ಗೋರಿಗೆ ಹೂವು ಏರಿಸುತ್ತಾರೆ. ಅವರ ಲೆಕ್ಕದಲ್ಲಿ ಒಳಗಿರುವವನು ಅಲ್ಲಮಪ್ರಭು. ಅಲ್ಲಮ 12ನೇ ಶತಮಾನ, ಸುಲ್ತಾನ 15ನೇ ಶತಮಾನ ಎಂದು ನೀವು ತಕರಾರು ತೆಗೆಯಬಹುದು. ನಾನೂ ಕಾಲೇಜಿನ ಹುಮ್ಮಸ್ಸಿನಲ್ಲಿ ಒಮ್ಮೆ ತೆಗೆದಿದ್ದೆ. ಪಕ್ಕದಲ್ಲಿ ಕಾಯಿ ಹಿಡಿದು ನಿಂತಿದ್ದ ಮುದುಕ, “ಪ್ರಭು ಒಮ್ಮೆ ಬಂದು ಸುಮ್ನ ಕುಂತಾನಂತ ನಿನಗ ಯಾರ್ ಹೇಳ್ಯಾರ?” ಅಂದ. ಗುಂಬಜಿನ ಒಳಗೆ ಗೋಡೆಯ ತುಂಬ ಬಂಗಾರ, ಕುಂಕುಮ, ನೀಲಿ ಬಣ್ಣದ ಬರವಣಿಗೆ. ಅದರಲ್ಲಿ ಸೂಫಿ ಗುರುಪರಂಪರೆಯ ಹೆಸರುಗಳೂ ಇವೆ. ಒಳಗೆ ಬರುವ ಬೆಳಕು ಸಾಲದು, ಗೋರಿ ನೋಡಿಕೊಳ್ಳುವ ಮುಜಾವರ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹೊಡೆದು ತೋರಿಸಿದಾಗಲೇ ಅಕ್ಷರ ಹೊಳೆಯುವುದು.

‘ಉರುಸು’ ಎಂದರೆ ಅರಬ್ಬಿಯಲ್ಲಿ ಮದುವೆ. ವಲಿ ತೀರಿಕೊಂಡ ದಿನವನ್ನು ಪ್ರಿಯನೊಡನೆ ಕೂಡಿದ ದಿನ ಎಂದು ಎಣಿಸುತ್ತಾರೆ. ದಖನಿ ಉರ್ದುವಿನಲ್ಲಿ ‘ಮರ್ ಗಯೇ’ ಎಂದು ವಲಿಗೆ ಅನ್ನುವುದಿಲ್ಲ, ‘ಪರ್ದಾ ಫರ್ಮಾಯೇ’, ತೆರೆ ಎಳೆದುಕೊಂಡರು. ನಾವು ಶರಣರಿಗೆ ‘ಲಿಂಗೈಕ್ಯರಾದರು’ ಅನ್ನುವುದಿಲ್ಲವೇ, ಅದೇ ಜಾಡು. ನಮ್ಮ ಕಡೆ ಉರುಸೆಂದರೆ ಮೂರು ದಿನ: ಗಂಧ, ದೀಪ, ಜಿಯಾರತ್ ಅಂದರೆ ಗೋರಿಯ ದರ್ಶನ. ಕಲಬುರಗಿಯ ಬಂದೇನವಾಜರ ಉರುಸಿನಲ್ಲಿ ಜಿಲ್ಖಾದ ತಿಂಗಳ 15ಕ್ಕೆ ಮೆಹಬೂಬ್ ಗುಲ್ಶನ್ ತೋಟದಿಂದ ಗಂಧದ ಮೆರವಣಿಗೆ ಹೊರಡುತ್ತದೆ. ಚಾಂದ್ರಮಾನದ ಲೆಕ್ಕವಾದ್ದರಿಂದ ಅದು ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತಾ ಮಳೆ, ಚಳಿ, ಬೇಸಿಗೆ ಎಲ್ಲ ಸುತ್ತಿ ಬರುತ್ತದೆ. ಅಷ್ಟೂರದ್ದು ಹಾಗಲ್ಲ, ಹೋಳಿ ಹುಣ್ಣಿಮೆಗೆ ಗಂಟು ಹಾಕಿಕೊಂಡು ಬೇಸಿಗೆ ಬಿಟ್ಟು ಕದಲುವುದಿಲ್ಲ.

ಬಂದೇನವಾಜ ಅನ್ನುವುದೂ ಬಿರುದೇ. ಬಂದಾ ಎಂದರೆ ಸೇವಕ, ಅವನ ಮೇಲೆ ಕರುಣೆ ಇಟ್ಟವರು. ಹೆಸರು ಸಯ್ಯದ್ ಮುಹಮ್ಮದ್ ಹುಸೈನಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, ಎಂಬತ್ತರ ಹತ್ತಿರದ ಪ್ರಾಯದಲ್ಲಿ ಕಲಬುರಗಿ ಮುಟ್ಟಿದವರು, 1422ರಲ್ಲಿ ತೀರಿದವರು. ಇನ್ನೊಂದು ಬಿರುದು ‘ಗೇಸೂದರಾಜ್’, ಉದ್ದ ಕೂದಲಿನವರು. ಗುರು ನಸೀರುದ್ದೀನ್ ಚಿರಾಗ್ ದೆಹಲವಿಯವರ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ಅಲುಗಾಟ ಎಂದು ನೋವು ನುಂಗಿ ನಡೆದರಂತೆ. ಈ ಗುರುವಿನ ಗುರು ದೆಹಲಿಯ ನಿಜಾಮುದ್ದೀನ್ ಔಲಿಯಾ. ಔಲಿಯಾ ಎಂಬುದು ವಲಿಯ ಬಹುವಚನ. ಒಬ್ಬರಿಗೆ ಬಹುವಚನ ಯಾಕೆ ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಾವೂ ಅಪ್ಪನಿಗೆ ‘ಅವರು’ ಅನ್ನುವವರೇ.

ಉಳಿದ ಬಿರುದುಗಳಲ್ಲಿ ಎಲ್ಲವೂ ಪವಿತ್ರತೆಯವಲ್ಲ. ಹಾಜಿ ಎಂದರೆ ಹಜ್ ಮಾಡಿ ಬಂದವನು, ಹಾಫಿಜ್ ಎಂದರೆ ಕುರಾನ್ ಬಾಯಿಪಾಠ ಇರುವವನು, ಸಯ್ಯದ್ ಎಂದರೆ ಪ್ರವಾದಿಯ ಮಗಳ ವಂಶದವನು. ಒಂದು ದಾರಿಯಿಂದ, ಒಂದು ಓದಿನಿಂದ, ಒಂದು ಹುಟ್ಟಿನಿಂದ. ಪೀರ್, ಮುರ್ಶಿದ್ ಅಂದರೆ ಗುರು. ಸಜ್ಜಾದಾ ನಶೀನ್ ಎಂದರೆ ಗುರುವಿನ ಜಮಖಾನೆಯ ಮೇಲೆ ಕೂತವನು, ನಮ್ಮ ಪೀಠಾಧಿಪತಿ ಇದ್ದ ಹಾಗೆ. ‘ಹಜರತ್’ ನನಗೆ ಬಹಳ ಇಷ್ಟದ ಪದ. ಅದರ ಮೂಲಾರ್ಥ ಸಮ್ಮುಖ, ಹಾಜರಿ. ಮನುಷ್ಯನ ಹೆಸರು ಹಿಡಿಯದೆ ಅವನ ಇರವನ್ನೇ ಕರೆಯುವುದು. ಶೃಂಗೇರಿಯ ಸ್ವಾಮಿಗಳಿಗೆ ‘ಸನ್ನಿಧಾನ’ ಅನ್ನುತ್ತೀರಲ್ಲ, ಅದೇ. ಆದರೆ ಬೀದರದ ಓಣಿಯಲ್ಲಿ ಸಾಲ ತಗೊಂಡು ತಲೆ ತಪ್ಪಿಸಿಕೊಳ್ಳುವವನಿಗೂ “ಹಜರತ್ ಎಲ್ಲಿ ಹೋಗ್ಯಾರ?” ಎಂದು ಕೇಳುತ್ತಾರೆ. ‘ಸಾಹಿಬ್’ನ ಗತಿ ಇನ್ನೂ ಕೆಟ್ಟದ್ದು. ಪ್ರವಾದಿಯ ಒಡನಾಡಿಗಳಿಗೆ ‘ಸಹಾಬಾ’ ಅನ್ನುತ್ತಾರಲ್ಲ, ಅದೇ ಬೇರಿನ ಪದ. ಕಚೇರಿಯಲ್ಲಿ ಅದು ‘ಸಾಹೇಬ್ರು’ ಆಗಿ ಕುರ್ಚಿ ಏರಿತು, ಬೀದಿಯಲ್ಲಿ ‘ಸಾಬ’ ಆಗಿ ಒಂದು ಸಮುದಾಯದ ಗುರುತಾಗಿ, ಹೇಳುವವನ ಧಾಟಿ ಕೆಟ್ಟರೆ ಬೈಗುಳವೂ ಆಯಿತು.

ಹೆಸರಿನ ಹಿಂದಿನ ಮಾತಿನಲ್ಲಿ ನಾನೇ ಮುಗ್ಗರಿಸಿದ್ದೇನೆ. ಡಿಟಿಪಿ ಅಂಗಡಿಯಲ್ಲಿ ಕೂತಿದ್ದಾಗ ಒಂದು ಹಳ್ಳಿಯ ಉರುಸಿನ ಕರಪತ್ರ ಕನ್ನಡದಲ್ಲಿ ಜೋಡಿಸಬೇಕಿತ್ತು. ಹಿಂದಿನ ಯಾವುದೋ ಪುಸ್ತಕ ನೋಡಿ ವಲಿಯ ಹೆಸರಿನ ಮುಂದೆ ಕಂಸದಲ್ಲಿ ‘ಸ’ ಹಾಕಿಬಿಟ್ಟೆ. ಕರಡು ನೋಡಲು ಬಂದ ಹಿರಿಯರು ಬೆರಳಿನಿಂದ ಅದನ್ನು ಮುಚ್ಚಿ, “ಇದು ಪೈಗಂಬರ್‌ಗ ಹಾಕೋದು ಬೇಟಾ, ನಮ್ಮ ಬಾಬಾಗ ‘ರ.ಅ.’ ಹಾಕು” ಅಂದರು. ಪೈಗಂಬರರಿಗೆ ‘ಸಲ್ಲಲ್ಲಾಹು ಅಲೈಹಿ ವಸಲ್ಲಮ್’, ಹಿಂದಿನ ಪ್ರವಾದಿಗಳಿಗೆ ‘ಅಲೈಹಿಸ್ಸಲಾಮ್’, ಒಡನಾಡಿಗಳಿಗೆ ‘ರಜಿಯಲ್ಲಾಹು ಅನ್ಹು’, ವಲಿಗಳಿಗೆ ‘ರಹಮತುಲ್ಲಾಹಿ ಅಲೈಹಿ’. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮರ್ಯಾದೆ. ತಮಾಷೆ ಎಂದರೆ ಕೊನೆಯ ಎರಡನ್ನೂ ಕನ್ನಡದಲ್ಲಿ ಮೊಟಕು ಮಾಡಿದರೆ ‘ರ.ಅ.’ ಎಂದೇ ಆಗುತ್ತದೆ. ಉರ್ದುವಿನಲ್ಲಿ ಹೆಸರಿನ ತಲೆಯ ಮೇಲೆ ಕೂರಿಸುವ ಗುರುತು ಎರಡಕ್ಕೂ ಬೇರೆ ಬೇರೆ.

ಎಲ್ಲ ಮುಸ್ಲಿಮರೂ ದರ್ಗಾಕ್ಕೆ ನಡೆದುಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ತೀರಿದವರಿಗಾಗಿ ದೇವರನ್ನು ಬೇಡಬಹುದು, ತೀರಿದವರನ್ನೇ ಬೇಡುವುದು ಸಲ್ಲದು ಅನ್ನುವವರೂ ನಮ್ಮ ಓಣಿಯಲ್ಲಿದ್ದಾರೆ. ನನ್ನ ಗೆಳೆಯನ ಮನೆಯಲ್ಲಿ ಅಣ್ಣ ಗೋರಿಗೆ ಹೊದಿಸುವ ಗಲೀಫ ಹೊತ್ತು ಹೋಗುತ್ತಾನೆ, ತಮ್ಮ ಆ ದಿನ ಅಂಗಡಿ ಬಾಗಿಲು ತೆಗೆದು ಕೂತಿರುತ್ತಾನೆ. ರಾತ್ರಿ ಕಂದೂರಿಯ ಊಟಕ್ಕೆ ಇಬ್ಬರೂ ಒಂದೇ ತಾಟಿಗೆ ಕೂರುತ್ತಾರೆ, ವಾದವನ್ನು ಮಟನ್ ಮುಗಿದ ಮೇಲೆ ಮುಂದುವರಿಸುತ್ತಾರೆ. ಇತ್ತ ಗಂಡು ಹುಟ್ಟಲೆಂದು ಹರಕೆ ಹೊತ್ತ ಲಿಂಗಾಯತ, ಕುರುಬ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ, ಖಾಜಪ್ಪ ಎಂಬ ಹೆಸರು ಇನ್ನೂ ಸಿಗುತ್ತವೆ. ಅರಬ್ಬಿ ಫಾರಸಿ ಬಿರುದಿಗೆ ಒಂದು ‘ಅಪ್ಪ’ ಹಚ್ಚಿದರೆ ಮುಗಿಯಿತು.

ಬರುವುದಾದರೆ ಮುಜಾವರರನ್ನು ಏನೆಂದು ಕರೆಯಲಿ ಎಂದೂ ಕೇಳಿದ್ದೀರಿ. ವಯಸ್ಸಾದವರಿದ್ದರೆ ‘ಮುತ್ಯಾ’ ಅನ್ನಿ. ನಮ್ಮ ಕಡೆ ಅಜ್ಜನಿಗೂ ಮುತ್ಯಾ, ಮಠದ ಅಯ್ಯನೋರಿಗೂ ಮುತ್ಯಾ, ದರ್ಗಾದವರಿಗೂ ಮುತ್ಯಾ. ಬಾಗಿಲ ಬಳಿಯ ಅಂಗಡಿಯಲ್ಲಿ ಕಾಲು ಕಿಲೋ ಸಕ್ಕರೆ ಕಟ್ಟಿಸಿಕೊಳ್ಳಿ, ಚಪ್ಪಲಿ ಬಿಡಿ, ತಲೆಗೆ ದಸ್ತಿ ಹಾಕಿಕೊಳ್ಳಿ, “ಮುತ್ಯಾ, ಸಕ್ಕರಿ ಓದಿ ಕೊಡ್ರಿ” ಅನ್ನಿ, ಅಂದರೆ ಸಕ್ಕರೆಯ ಮುಂದೆ ಪ್ರಾರ್ಥನೆ ಓದಿ ಕೊಡಿ ಎಂದು. ಲೋಬಾನದ ಹೊಗೆಯೊಳಗಿಂದ ಅವರು ನಿಮ್ಮ ಜಾತಿ ಕೇಳುವುದಿಲ್ಲ. “ಯಾರ ಹೆಸರಿಲೆ ಓದ್ಲಿ?” ಎಂದು ಕೇಳುತ್ತಾರೆ. ಮನೆಯಲ್ಲಿ ತೀರಿಕೊಂಡವರ ಹೆಸರೊಂದನ್ನು ನೆನಪಿಟ್ಟುಕೊಂಡು ಬನ್ನಿ.