ಬೆನ್ನ ಮೇಲೆ ಬಿಳಿ ಎಳೆ ಹೊತ್ತ ಮೀನು ಯಾವುದು?

ಪ್ರಶ್ನೆ: ಹವಳದ ದಿಬ್ಬದ ಬಳಿ ಸ್ನಾರ್ಕೆಲಿಂಗ್ ಮಾಡುವಾಗ ತಟ್ಟೆಯಂತೆ ಚಪ್ಪಟೆಯಾದ ಎರಡು ಮೀನುಗಳು ಜೋಡಿಯಾಗಿ ಈಜುತ್ತಿದ್ದವು. ಬಿಳಿ ಮೈ, ಎರಡು ಅಗಲವಾದ ಕಪ್ಪು ಪಟ್ಟೆ, ಹಳದಿ ಬಾಲ, ಬೆನ್ನಿನಿಂದ ಹಿಂದಕ್ಕೆ ಚಾಚಿದ ಉದ್ದನೆಯ ಬಿಳಿ ಎಳೆ. ಜೊತೆಗಿದ್ದವರು ‘ಮೂರಿಶ್ ಐಡಲ್’ ಎಂದರು. ಹೌದೇ? ಇವುಗಳ ವಾಸ ಎಲ್ಲಿ?

ಉತ್ತರ: ಅಲ್ಲ. ಬಾಲ ಹಳದಿ ಎಂದು ಬರೆದಿದ್ದೀರಲ್ಲ, ಅದೇ ಸಾಕು. ಮೂರಿಶ್ ಐಡಲ್ ಮೀನಿನ ಬಾಲ ಕಪ್ಪು, ತುದಿಯಲ್ಲಷ್ಟೇ ಬಿಳಿ ಅಂಚು. ಅದರ ಮೂತಿ ಕೊಳವೆಯ ಹಾಗೆ ಮುಂದೆ ಚಾಚಿರುತ್ತದೆ, ಮೇಲೊಂದು ಕಿತ್ತಳೆ–ಹಳದಿ ಮಚ್ಚೆ. ನೀವು ಕಂಡದ್ದು ಬ್ಯಾನರ್‌ಫಿಶ್.

ಎಲ್ಲರ ಕಣ್ಣೂ ಮೊದಲು ಆ ಬಿಳಿ ಎಳೆಯ ಮೇಲೆಯೇ ಬೀಳುತ್ತದೆ. ಆದರೆ ಅದು ಎರಡಕ್ಕೂ ಇರುವುದರಿಂದ ಗುರುತು ಹಿಡಿಯಲು ನೆರವಾಗದು. 1758ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ವಿಜ್ಞಾನಿ ಲಿನೇಯಸ್ ಕೂಡ ಎರಡನ್ನೂ ಕೀಟೊಡಾನ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಈಗ ಬ್ಯಾನರ್‌ಫಿಶ್ ಚಿಟ್ಟೆಮೀನುಗಳ ಕುಟುಂಬದಲ್ಲಿದೆ. ಮೂರಿಶ್ ಐಡಲ್ ತನ್ನ ಕುಟುಂಬಕ್ಕೆ ತಾನೊಂದೇ, ಅದರ ಹತ್ತಿರದ ನೆಂಟರು ಸರ್ಜನ್ ಮೀನುಗಳು.

ಬ್ಯಾನರ್‌ಫಿಶ್‌ನಲ್ಲೂ ತದ್ರೂಪಿನ ಎರಡು ಪ್ರಭೇದಗಳಿವೆ. ಹೆನಿಯೋಕಸ್ ಡಿಫ್ರೂಟಿಸ್ ದೊಡ್ಡ ಗುಂಪು ಕಟ್ಟಿಕೊಂಡು ದಿಬ್ಬದಿಂದ ಮೇಲೆ, ತೆರೆದ ನೀರಿನಲ್ಲಿ ಸುತ್ತುತ್ತದೆ. ಹೆನಿಯೋಕಸ್ ಅಕ್ಯುಮಿನೇಟಸ್‌ನ ಬೆಳೆದ ಮೀನುಗಳು ಹೆಚ್ಚಾಗಿ ಜೋಡಿಯಾಗಿ ದಿಬ್ಬದ ಹತ್ತಿರವೇ ಇರುತ್ತವೆ. ನೀವು ನೋಡಿದ್ದು ಇದೇ ಇರಬೇಕು. ಖಚಿತವಾಗಬೇಕಾದರೆ ಬೆನ್ನುರೆಕ್ಕೆಯ ಮುಳ್ಳುಗಳನ್ನು ಎಣಿಸಬೇಕು: ಇದಕ್ಕೆ ಸಾಮಾನ್ಯವಾಗಿ 11, ಗುಂಪಿನ ಮೀನಿಗೆ 12. ಸ್ಪಷ್ಟ ಫೋಟೊ ಇಲ್ಲದೆ ಅದು ಆಗದ ಕೆಲಸ.

ಹೆನಿಯೋಕಸ್ ಅಕ್ಯುಮಿನೇಟಸ್‌ನ ನೆಲೆ ಪೂರ್ವ ಆಫ್ರಿಕಾದ ಕರಾವಳಿಯಿಂದ ಪೆಸಿಫಿಕ್‌ನ ಸೊಸೈಟಿ ದ್ವೀಪಗಳವರೆಗೆ. ಆಳವಾದ ಲಗೂನ್ (ದಿಬ್ಬದ ಒಳಗಿನ ಶಾಂತ ನೀರು), ದಿಬ್ಬಗಳ ನಡುವಿನ ಕಾಲುವೆ, ಹೊರಗಿನ ಇಳಿಜಾರು, ಹೀಗೆ ಸುಮಾರು 2ರಿಂದ 75 ಮೀಟರ್ ಆಳದವರೆಗೂ ಸಿಗುತ್ತದೆ. 25 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಇದರ ಊಟದ ಬಗೆ ನನಗೆ ಬಹಳ ಇಷ್ಟ. ಚಿಟ್ಟೆಮೀನುಗಳಲ್ಲಿ ಹಲವು ಜೀವಂತ ಹವಳವನ್ನೇ ಕುಕ್ಕಿ ತಿನ್ನುತ್ತವೆ, ಹವಳ ಬಿಳಿಚಿ ಸತ್ತರೆ ಅವಕ್ಕೆ ಉಪವಾಸ. ಇದು ಮುಖ್ಯವಾಗಿ ಹರಿವಿನಲ್ಲಿ ತೇಲಿ ಬರುವ ಪ್ಲವಕಗಳನ್ನು, ಅಂದರೆ ಪುಟ್ಟ ಜೀವಿಗಳನ್ನು, ಹಿಡಿಯುತ್ತದೆ. ಮರಿಗಳಂತೂ ಬೇರೆ ಮೀನುಗಳ ಮೈಗೆ ಅಂಟಿದ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದೂ ಉಂಟು. ಆದರೂ ಅಡಗಿಕೊಳ್ಳಲು ಇದಕ್ಕೆ ಹವಳದ ಸಂದುಗೊಂದುಗಳು ಬೇಕೇ ಬೇಕು.

ಮುಂದಿನ ಸಲ ಬೆನ್ನಟ್ಟಬೇಡಿ. ಒಂದೆಡೆ ಅಲುಗದೆ ತೇಲುತ್ತಿದ್ದರೆ ಮೀನು ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಮೂತಿ, ಬೆನ್ನುರೆಕ್ಕೆ, ಬಾಲ ಮೂರೂ ಕಾಣುವಂತೆ ಫೋಟೊ ತೆಗೆದು, ಎಷ್ಟು ಆಳ, ಒಂಟಿಯೋ ಜೋಡಿಯೋ ಗುಂಪೋ ಎಂಬುದನ್ನೂ ಬರೆದು ಕಳುಹಿಸಿ.