ಅಂಜಿಕೆ, ಧ್ಯಾನ, ಮುಂದಾಳತ್ವ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹನ್ನೆರಡು ಜನರ ತಂಡದ ಹೊಣೆ ನನ್ನ ಹೆಗಲಿಗೆ ಬಂದು ಎಂಟು ತಿಂಗಳಾಯಿತು. ಕೆಲಸ ಚೆನ್ನಾಗಿ ಗೊತ್ತಿದೆ. ಆದರೆ ಸಭೆಗೆ ಮುನ್ನ ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕಠಿಣ ನಿರ್ಧಾರಗಳನ್ನು ನಾಳೆ ನಾಡಿದ್ದು ಎಂದು ಮುಂದೂಡುತ್ತಲೇ ಇರುತ್ತೇನೆ. ಇದಲ್ಲದೆ ಈಚೆಗೆ ಸಿಟ್ಟೂ ಹೆಚ್ಚಾಗಿದೆ. ಕಳೆದ ವಾರ ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ಲೆಕ್ಕದಲ್ಲಿದ್ದ ತಪ್ಪನ್ನು ಎಲ್ಲರೆದುರು ತೋರಿಸಿದಾಗ ಅವರ ಮೇಲೆ ಹರಿಹಾಯ್ದೆ. ಮೂರು ತಿಂಗಳಿಂದ ದಿನವೂ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಿದ್ದೇನೆ. ಕುಳಿತಷ್ಟು ಹೊತ್ತು ಮನಸ್ಸು ಹಗುರವಾಗಿರುತ್ತದೆ, ಸಭೆಗೆ ಕಾಲಿಟ್ಟೊಡನೆ ಮತ್ತೆ ಅದೇ ಅಂಜಿಕೆ. ಧ್ಯಾನದಿಂದ ಭಯ ನಿಜವಾಗಿಯೂ ಹೋಗುತ್ತದೆಯೆ? ನಾನು ಒಳ್ಳೆಯ ನಾಯಕನಾಗಬಲ್ಲೆನೆ?
– ಹೆಸರು ಬೇಡವೆಂದ ಓದುಗರು

ಉತ್ತರ: ನಿಮ್ಮ ಪತ್ರವನ್ನು ಓದುವಾಗ "ಇದಲ್ಲದೆ ಈಚೆಗೆ ಸಿಟ್ಟೂ ಹೆಚ್ಚಾಗಿದೆ" ಎಂಬ ಸಾಲಿಗೆ ಬಂದು ನಿಂತೆ. ಅಂಜಿಕೆ ಒಂದು ತೊಂದರೆ, ಸಿಟ್ಟು ಇನ್ನೊಂದು ಎಂದು ನೀವು ಎಣಿಸಿದ್ದೀರಿ. ನಿರ್ಧಾರವನ್ನು ಮುಂದೂಡುವುದು, ಕಿರಿಯರ ಮೇಲೆ ಹರಿಹಾಯುವುದು, ಬೇರೆಯವರು ಮಾಡಿ ಮುಗಿಸಿದ ಕೆಲಸವನ್ನು ನಂಬದೆ ಮತ್ತೆ ಮತ್ತೆ ನೋಡುವುದು, ಇವೆಲ್ಲ ಒಂದೇ ಭಯದ ಬೇರೆ ಬೇರೆ ವೇಷಗಳು ಎಂಬುದನ್ನು ನಾನು ಬಹಳ ತಡವಾಗಿ ಕಲಿತೆ.

ನಾನೂ ಕೆಲವು ವರ್ಷ ಒಂದು ವಿಭಾಗವನ್ನು ನಡೆಸಿದವನು. ಒಂದು ಮಧ್ಯಾಹ್ನ ಕಿರಿಯರೊಬ್ಬರು ನಾನು ಸಹಿ ಹಾಕಿದ್ದ ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟು, ಒಂದು ಅಂಕಿಯ ಕೆಳಗೆ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದರು. ಅವರು ಒಂದು ಮಾತೂ ಆಡಲಿಲ್ಲ. ನನ್ನ ಬಾಯಿಂದ ಹೊರಟ ಮೊದಲ ಮಾತು "ಇದನ್ನು ನಿನ್ನೆಯೇ ಏಕೆ ಹೇಳಲಿಲ್ಲ?" ಎಂಬುದಾಗಿತ್ತು. ತಪ್ಪು ನನ್ನದು, ಗದರಿಕೆ ಅವರಿಗೆ. ಆ ಸಂಜೆ ಧ್ಯಾನಕ್ಕೆ ಕುಳಿತಾಗಲೇ ನನಗೆ ತಿಳಿದದ್ದು: ಗೆರೆಯನ್ನು ಕಂಡ ಕ್ಷಣದಲ್ಲಿ ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡಿತ್ತು, ಕಿವಿ ಬಿಸಿಯಾಗಿತ್ತು, ಸಿಟ್ಟು ಅದರ ನಂತರ ಬಂದಿತ್ತು. ಮೊದಲು ಬಂದದ್ದು ಭಯವೇ. ಅದನ್ನು ನಾನು ಗುರುತಿಸದೆ ಹೋದದ್ದರಿಂದ ಅದು ಸಿಟ್ಟಾಗಿ ಇನ್ನೊಬ್ಬರ ಮೇಲೆ ಬಿತ್ತು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಭಯವೇ ಬಾರದ ಹಾಗೆ ಮಾಡುವ ಧ್ಯಾನವಿಲ್ಲ, ಅದನ್ನು ಬಯಸುವುದೂ ಸರಿಯಲ್ಲ. ಅಪಾಯ ಕಂಡಾಗ ದೇಹವು ಹೋರಾಡಲು ಇಲ್ಲವೇ ಓಡಲು ತನ್ನನ್ನು ಹೇಗೆ ಅಣಿಗೊಳಿಸುತ್ತದೆ ಎಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಮಿದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದಲ್ಲಿರುವ ಅಮಿಗ್ಡಲಾ ಎಂಬ ಭಾಗ ಅಪಾಯದ ಸುಳಿವು ಸಿಕ್ಕೊಡನೆ ಕೂಗೆಬ್ಬಿಸುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದು ಎದೆಬಡಿತ ಏರುತ್ತದೆ, ಬಾಯಿಯ ಪಸೆ ಆರುತ್ತದೆ. ಸಾವಧಾನವಾಗಿ ಯೋಚಿಸುವ ಹಣೆಯ ಹಿಂದಿನ ಭಾಗವು ವಿಷಯವನ್ನು ತೂಗಿ ನೋಡುವ ಹೊತ್ತಿಗೆ ಈ ಕೆಲಸ ಮುಗಿದೇ ಹೋಗಿರುತ್ತದೆ. ಎದುರಿಗಿರುವುದು ಕಾಡುಮೃಗವೋ ಹನ್ನೆರಡು ಜನರ ಸಭೆಯೋ ಎಂದು ದೇಹ ಆ ಗಳಿಗೆಯಲ್ಲಿ ವಿಚಾರಿಸುತ್ತ ಕೂರುವುದಿಲ್ಲ. ಆದ್ದರಿಂದ ಭಯ ಬಂದದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಭಯ ಬಂದ ಮೇಲೆ ನೀವು ಆಡುವ ಮೊದಲ ಮಾತಿಗೂ ಆ ಭಯಕ್ಕೂ ನಡುವೆ ಒಂದು ಸಣ್ಣ ಬಿಡುವು ಇರುತ್ತದೆ. ಧ್ಯಾನ ಹಿಗ್ಗಿಸುವುದು ಆ ಬಿಡುವನ್ನು.

ಹಾಗಾದರೆ ಮೂರು ತಿಂಗಳ ಅಭ್ಯಾಸ ಸಭೆಯಲ್ಲಿ ಏಕೆ ಕೈಕೊಡುತ್ತಿದೆ? ನೀವು ಧ್ಯಾನವನ್ನು ತಂಗುದಾಣವನ್ನಾಗಿ ಮಾಡಿಕೊಂಡಿರಬಹುದೆಂದು ನನಗೆ ತೋರುತ್ತದೆ. ಕುಳಿತಾಗ ಕಚೇರಿಯ ನೆನಪು ಬಂದರೆ ಬೇಗ ಉಸಿರಿನ ಕಡೆಗೆ ತಿರುಗುತ್ತೀರಿ, ನೆನಪು ಮರೆಯಾಗುತ್ತದೆ, ಹಾಯೆನಿಸುತ್ತದೆ. ಅದು ತಪ್ಪೇನಲ್ಲ, ಮೊದಲ ಕೆಲವು ವಾರ ಅದು ಬೇಕು ಕೂಡ. ಆದರೆ ದಡದಲ್ಲೇ ಕುಳಿತವರಿಗೆ ಈಜು ಬರುವುದಿಲ್ಲ. ಇನ್ನು ಮುಂದೆ ಕುಳಿತ ಹೊತ್ತಿನ ಕೊನೆಯ ಐದು ನಿಮಿಷವನ್ನು ಭಯಕ್ಕೇ ಮೀಸಲಿಡಿ. ಉಸಿರು ನಿಧಾನವಾದ ಮೇಲೆ ಕಳೆದ ವಾರದ ಆ ಸಭೆಯನ್ನು ಬೇಕೆಂದೇ ಕಣ್ಣ ಮುಂದೆ ತಂದುಕೊಳ್ಳಿ: ಆ ಸಹೋದ್ಯೋಗಿಯ ಮುಖ, ಅವರು ಆಡಿದ ಮಾತು, ಉಳಿದವರ ಮೌನ. ದೇಹದಲ್ಲಿ ಎಲ್ಲಿ ಏನಾಗುತ್ತಿದೆ ಎಂಬುದನ್ನು ಹುಡುಕಿ. ಗಂಟಲು ಬಿಗಿಯಿತೆ, ದವಡೆ ಕಚ್ಚಿಕೊಂಡಿತೆ, ಹೆಬ್ಬೆರಳು ಅಂಗೈಗೆ ಒತ್ತಿಕೊಂಡಿತೆ? ಅದನ್ನು ಸಡಿಲಿಸಲು ಅವಸರಪಡದೆ, ಅದು ಏರಿ, ನಿಂತು, ಇಳಿಯುವವರೆಗೆ ಜೊತೆಗಿರಿ. ಆಮೇಲೆ ಅದಕ್ಕೆ ಮನಸ್ಸಿನಲ್ಲೇ ಹೆಸರಿಡಿ: "ಇದು ಅಂಜಿಕೆ", "ಇದು ಅವಮಾನ", "ಇದು ಸೋಲುತ್ತೇನೆಂಬ ಭಯ". ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖಗಳನ್ನು ನೋಡುತ್ತ ಆ ಭಾವನೆಯನ್ನು ಹೆಸರಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿದ್ದು ಕಂಡುಬಂದಿತು. ಹೆಸರಿಡುವುದೆಂದರೆ ಭಾವನೆಯನ್ನು ವಿಶ್ಲೇಷಿಸುವುದಲ್ಲ, ಒಂದೋ ಎರಡೋ ಪದ ಸಾಕು. ವಿಶ್ಲೇಷಣೆಗೆ ಹೊರಟರೆ ನೀವು ಮತ್ತೆ ಸಭೆಯ ವಾದದೊಳಗೇ ಸಿಕ್ಕಿಕೊಳ್ಳುತ್ತೀರಿ.

ಇದು ಇಂದಿನ ವಿಜ್ಞಾನಿಗಳು ಹೊಸದಾಗಿ ಕಂಡುಕೊಂಡ ಉಪಾಯವೇನಲ್ಲ. ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಮಜ್ಝಿಮ ನಿಕಾಯದಲ್ಲಿ ಭಯಭೇರವ ಸುತ್ತವೆಂಬ ಒಂದು ಉಪದೇಶವಿದೆ. ಬೋಧಿ ದೊರೆಯುವುದಕ್ಕೆ ಮುಂಚೆ ತಾನು ಭಯ ಹುಟ್ಟಿಸುವ ವನಗಳಿಗೆ ಬೇಕೆಂದೇ ರಾತ್ರಿಯ ಹೊತ್ತು ಹೋಗುತ್ತಿದ್ದುದನ್ನು ಬುದ್ಧ ಅದರಲ್ಲಿ ಹೇಳುತ್ತಾನೆ. ಪ್ರಾಣಿಯೊಂದು ಹತ್ತಿರ ಸುಳಿಯುತ್ತಿತ್ತು, ನವಿಲು ಕಡ್ಡಿ ಮುರಿದು ಬೀಳಿಸುತ್ತಿತ್ತು, ಗಾಳಿಗೆ ಎಲೆಗಳು ಸದ್ದು ಮಾಡುತ್ತಿದ್ದವು, ಅಷ್ಟಕ್ಕೇ "ಬಂದಿತು ಭಯ" ಎನಿಸುತ್ತಿತ್ತು. ಆಗ ಅವನು ಮಾಡಿದ್ದು ಇಷ್ಟೇ: ನಡೆಯುತ್ತಿರುವಾಗ ಭಯ ಬಂದರೆ ಅದು ಇಳಿಯುವವರೆಗೆ ನಡೆಯುತ್ತಲೇ ಇದ್ದ, ನಿಂತಿರುವಾಗ ಬಂದರೆ ನಿಂತೇ ಇದ್ದ, ಕುಳಿತಿರುವಾಗ ಬಂದರೆ ಕುಳಿತೇ ಇದ್ದ. ಭಯದ ಮಾತು ಕೇಳಿ ಭಂಗಿಯನ್ನು ಬದಲಿಸಲಿಲ್ಲ. ತಂಡವನ್ನು ನಡೆಸುವವರಿಗೆ ಇದಕ್ಕಿಂತ ನೇರವಾದ ಪಾಠವನ್ನು ನಾನು ಬೇರೆಲ್ಲೂ ಓದಿಲ್ಲ. ನೀವು ನಿರ್ಧಾರವನ್ನು ಮುಂದೂಡಿದಾಗ, ಮಾತಿನ ನಡುವೆ ಫೋನ್ ಕೈಗೆತ್ತಿಕೊಂಡಾಗ, ದನಿ ಏರಿಸಿದಾಗ ನಡೆಯುವುದು ಭಂಗಿಯ ಬದಲಾವಣೆಯೇ ಅಲ್ಲವೆ?

ಸಭೆಯ ದಿನ ಮಾಡಬಹುದಾದ ಒಂದು ಸಣ್ಣ ಅಭ್ಯಾಸವಿದೆ. ಕೋಣೆಯ ಬಾಗಿಲ ಹಿಡಿಕೆಗೆ ಕೈ ಇಟ್ಟಾಗ ಅದರ ತಂಪನ್ನು ಗಮನಿಸಿ, ಅಲ್ಲೇ ಮೂರು ಉಸಿರು ನಿಲ್ಲಿ. ಒಳಕ್ಕೆ ಎಳೆಯುವಾಗ ನಾಲ್ಕರವರೆಗೆ, ಹೊರಕ್ಕೆ ಬಿಡುವಾಗ ಆರರವರೆಗೆ ಎಣಿಸಿ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ; ಹೊರಬಿಡುವ ಉಸಿರನ್ನು ನೀಳವಾಗಿಸುವುದರ ಮರ್ಮ ಅದು. ಒಳಗೆ ಹೋದ ಮೇಲೆ ಯಾರಾದರೂ ತಪ್ಪನ್ನು ತೋರಿಸಿದರೆ ಉತ್ತರಿಸುವ ಮೊದಲು ಒಂದು ಉಸಿರನ್ನು ಪೂರ್ತಿ ಹೊರಗೆ ಬಿಡಿ, ಆಮೇಲೆ ಒಂದು ಪ್ರಶ್ನೆ ಕೇಳಿ. "ನಿಮಗೆ ಇದು ಹೇಗೆ ಕಂಡಿತು, ಬಿಡಿಸಿ ಹೇಳಿ" ಎಂಬಂಥ ಪ್ರಶ್ನೆ. ದನಿ ನಡುಗಿದರೆ ನಡುಗಲಿ. ನಡುಗುವ ದನಿಯಲ್ಲಿ ಕೇಳಿದ ಪ್ರಾಮಾಣಿಕ ಪ್ರಶ್ನೆಯನ್ನು ತಂಡ ಗೌರವದಿಂದಲೇ ಕಾಣುತ್ತದೆ.

ಒಂದು ಎಚ್ಚರಿಕೆಯನ್ನು ಹೇಳದೆ ಈ ಉತ್ತರವನ್ನು ಮುಗಿಸಲಾರೆ. ನೀವು ಹರಿಹಾಯ್ದ ಆ ಸಹೋದ್ಯೋಗಿಯ ಹತ್ತಿರ ಆಮೇಲೆ ಮಾತಾಡಿದಿರೋ ಇಲ್ಲವೋ ಎಂಬುದು ಪತ್ರದಲ್ಲಿಲ್ಲ. ಸಂಶೋಧಕ ಆಂಡ್ರ್ಯೂ ಹಾಫೆನ್‌ಬ್ರಾಕ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಇನ್ನೊಬ್ಬರಿಗೆ ನೋವು ಮಾಡಿದವರು ಉಸಿರಿನ ಧ್ಯಾನಕ್ಕೆ ಕುಳಿತರೆ ಅವರ ಪಾಪಪ್ರಜ್ಞೆ ತಗ್ಗುತ್ತದೆ, ಅದರ ಜೊತೆಗೆ ನೋವನ್ನು ಸರಿಪಡಿಸಬೇಕೆಂಬ ತುಡಿತವೂ ತಗ್ಗುತ್ತದೆ. ಇತರರ ಒಳಿತನ್ನು ಬಯಸುವ ಮೈತ್ರಿ ಧ್ಯಾನದಲ್ಲಿ ಆ ತುಡಿತ ಹೆಚ್ಚು ಉಳಿದಿತ್ತು. ಅಧಿಕಾರದಲ್ಲಿರುವವರು ಇದನ್ನು ಮರೆಯಲೇಬಾರದು, ಏಕೆಂದರೆ ಅವರ ಮನಸ್ಸು ಹಗುರವಾಗುವ ಹೊತ್ತಿಗೆ ಗದರಿಸಿಕೊಂಡವರ ಮನಸ್ಸು ಇನ್ನೂ ಭಾರವಾಗಿಯೇ ಇರುತ್ತದೆ. ಆದ್ದರಿಂದ ಮೊದಲು ಅವರಲ್ಲಿಗೆ ಹೋಗಿ, "ನನ್ನ ಲೆಕ್ಕ ತಪ್ಪಾಗಿತ್ತು, ನನ್ನ ಮಾತೂ ತಪ್ಪಾಗಿತ್ತು" ಎಂದು ಹೇಳಿ. ಎಲ್ಲರೆದುರು ಗದರಿಸಿದ್ದರಿಂದ ಈ ಮಾತನ್ನೂ ಎಲ್ಲರೆದುರೇ ಹೇಳುವುದು ಒಳ್ಳೆಯದು. ಧ್ಯಾನಕ್ಕೆ ಆಮೇಲೆ ಕೂರಿ.

ಪ್ರಶ್ನೆ: ಕಣ್ಣು ಮುಚ್ಚಿ ಉಸಿರನ್ನು ಗಮನಿಸತೊಡಗಿದರೆ ನನಗೆ ಹೆದರಿಕೆ ಇನ್ನೂ ಹೆಚ್ಚುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಹಟ ಹಿಡಿದು ಮುಂದುವರಿಸಬೇಕೆ?
– ಶಾಲಾ ಮುಖ್ಯೋಪಾಧ್ಯಾಯಿನಿ

ಉತ್ತರ: ಬೇಡ, ತಾಯಿ. ಹಟದಿಂದ ಇಲ್ಲಿ ಏನೂ ಸಿಗುವುದಿಲ್ಲ. ಆತಂಕದ ಸ್ವಭಾವದವರಲ್ಲಿ, ಹಿಂದೆ ದೊಡ್ಡ ಆಘಾತ ಅನುಭವಿಸಿದವರಲ್ಲಿ, ಗಮನವನ್ನು ಒಳಕ್ಕೆ ತಿರುಗಿಸಿದಾಗ ಹೀಗಾಗುವುದುಂಟು. ಕಣ್ಣು ತೆರೆದೇ ಕೂರಿ. ದೃಷ್ಟಿ ಎರಡು ಮಾರು ದೂರದ ನೆಲದ ಮೇಲಿರಲಿ. ಉಸಿರಿನ ಬದಲು ಅಂಗಾಲು ನೆಲಕ್ಕೆ ತಾಗಿರುವುದನ್ನೋ ಸುತ್ತಲಿನ ಸದ್ದುಗಳನ್ನೋ ಗಮನಿಸಿ. ಅದೂ ಕಷ್ಟವಾದರೆ ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ನಿಧಾನವಾಗಿ ನಡೆಯಿರಿ. ಹಿಮ್ಮಡಿ ಊರಿ, ಪಾದ ಹರಡಿ, ಬೆರಳು ನೆಲವನ್ನು ಬಿಡುವುದನ್ನು ಗಮನಿಸುತ್ತ ನಡೆಯುವುದು ಕೂಡ ಪೂರ್ಣ ಪ್ರಮಾಣದ ಧ್ಯಾನವೇ. ಹಿಂದಿನ ಪ್ರಶ್ನೆಗೆ ಹೇಳಿದ ಹಾಗೆ ಭಯವನ್ನು ಬೇಕೆಂದೇ ನೆನಪಿಗೆ ತಂದುಕೊಳ್ಳುವ ಅಭ್ಯಾಸ ಸದ್ಯ ನಿಮಗೆ ಬೇಡವೇ ಬೇಡ. ಇಷ್ಟರ ಮೇಲೂ ಹೆದರಿಕೆ ನಿದ್ದೆ ಕೆಡಿಸುತ್ತಿದ್ದರೆ ಅಥವಾ ಕಾರಣವಿಲ್ಲದೆ ಮೇಲೇರಿ ಬರುತ್ತಿದ್ದರೆ ಮನೋವೈದ್ಯರನ್ನು ಕಾಣಿರಿ. ಧ್ಯಾನ ಮಾಡುವವರು ವೈದ್ಯರ ಬಳಿ ಹೋಗುವುದು ಸೋಲೆಂಬ ಮಾತನ್ನು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಪ್ರಶ್ನೆ: ದಿನಕ್ಕೆ ಹತ್ತು ನಿಮಿಷ ಸಾಕೆ? ಫಲ ಕಾಣಲು ಎಷ್ಟು ದಿನ ಬೇಕು?
– ಯುವ ಉದ್ಯಮಿ

ಉತ್ತರ: ಆರಂಭಕ್ಕೆ ಸಾಕು, ತಪ್ಪಿಸದಿದ್ದರೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್‌ಜಿನ್ ಆರಂಭಿಸಿದ, ಧ್ಯಾನದ ಮೂಲಕ ಒತ್ತಡ ತಗ್ಗಿಸುವ ಕಾರ್ಯಕ್ರಮ ಎಂಟು ವಾರಗಳದ್ದು, ಅದರಲ್ಲಿ ಮನೆಯ ಅಭ್ಯಾಸವೇ ದಿನಕ್ಕೆ ಸುಮಾರು 45 ನಿಮಿಷ. ಧ್ಯಾನದ ಫಲದ ಬಗ್ಗೆ ನೀವು ಓದುವ ಅನೇಕ ಸಂಶೋಧನೆಗಳು ಈ ಬಗೆಯ ಅಭ್ಯಾಸದ ಮೇಲೆ ನಡೆದವು. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಪರಿಶೀಲನೆ, ಆತಂಕವನ್ನು ತಗ್ಗಿಸುವಲ್ಲಿ ಧ್ಯಾನಕ್ಕೆ ಸಾಧಾರಣ ಮಟ್ಟದ ಪುರಾವೆ ಇದೆಯೆಂದಿತು. ವ್ಯಾಯಾಮ, ಔಷಧಿಗಳಂಥ ಬೇರೆ ಚಿಕಿತ್ಸೆಗಳಿಗಿಂತ ಅದು ಮೇಲೆಂಬುದಕ್ಕೆ ಪುರಾವೆ ಸಿಗಲಿಲ್ಲ. ಇದರಿಂದ ನಿರಾಶರಾಗಬೇಡಿ. ಹತ್ತು ನಿಮಿಷದಿಂದ ಆರಂಭಿಸಿ, ತಿಂಗಳಾದ ಮೇಲೆ ಇಪ್ಪತ್ತಕ್ಕೆ ಏರಿಸಿ. ಕುಳಿತಾಗ ಎಷ್ಟು ಶಾಂತವಾಗಿದ್ದಿರಿ ಎಂಬುದನ್ನು ಬರೆದಿಡಬೇಡಿ. ಆ ವಾರ ಯಾವ ಕಷ್ಟದ ಮಾತನ್ನು ಆಡಿದಿರಿ, ಯಾವುದನ್ನು ಮುಂದೂಡಿದಿರಿ ಎಂಬುದನ್ನು ಬರೆದಿಡಿ.

ಪ್ರಶ್ನೆ: ನಮ್ಮ ಸಂಸ್ಥೆಯ ಸಿಬ್ಬಂದಿ ನನ್ನೆದುರು ಬಾಯಿ ಬಿಡುವುದಿಲ್ಲ. ಅವರ ಭಯ ಹೋಗಲೆಂದು ಬೆಳಗಿನ ಧ್ಯಾನವನ್ನು ಎಲ್ಲರಿಗೂ ಕಡ್ಡಾಯ ಮಾಡಬೇಕೆಂದಿದ್ದೇನೆ. ನಿಮ್ಮ ಸಲಹೆಯೇನು?
– ಸಂಸ್ಥೆಯೊಂದರ ಮುಖ್ಯಸ್ಥರು

ಉತ್ತರ: ನಿಮ್ಮ ಕಾಳಜಿ ನಿಜವೆಂದು ನಂಬುತ್ತೇನೆ, ಆದರೂ ಈ ಆಜ್ಞೆಯನ್ನು ಹೊರಡಿಸಬೇಡಿ. ಮೇಲಿನವರ ಮಾತಿಗೆ ಅಂಜಿ ಕಣ್ಣು ಮುಚ್ಚಿದವರಿಗೆ ಅದು ಅಂಜಿಕೆಯ ಇನ್ನೊಂದು ರೂಪವಾಗುತ್ತದೆಯೇ ಹೊರತು ಧ್ಯಾನವಾಗುವುದಿಲ್ಲ. ಧ್ಯಾನ ಒಗ್ಗದವರೂ ನಿಮ್ಮ ಸಿಬ್ಬಂದಿಯಲ್ಲಿ ಇರಬಹುದು, ಅದನ್ನು ನಿಮಗೆ ಹೇಳುವ ಧೈರ್ಯ ಅವರಿಗೆ ಇರಲಾರದು.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆಯಿರಬಹುದೆಂಬುದು ಅವರ ನಿರೀಕ್ಷೆಯಾಗಿತ್ತು. ಆದರೆ ಅಂಥ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರೆಂಬ ವಿವರಣೆಯನ್ನು 1996ರಲ್ಲಿ ಅವರು ಮುಂದಿಟ್ಟರು. ಮೂರು ವರ್ಷಗಳ ಬಳಿಕ ತಂಡಗಳಲ್ಲಿನ ಈ ನಿರ್ಭೀತ ವಾತಾವರಣದ ಬಗ್ಗೆ ಇನ್ನೊಂದು ಮಹತ್ವದ ಲೇಖನವನ್ನು ಪ್ರಕಟಿಸಿದರು. ಹಾಗಾಗಿ ನಿಮ್ಮ ಮೇಜಿಗೆ ಕೆಟ್ಟ ಸುದ್ದಿ ಬರುತ್ತಿಲ್ಲವೆಂದರೆ ಸಂಸ್ಥೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ತಿಳಿಯಬೇಡಿ.

ಧ್ಯಾನಕ್ಕೆ ನೀವೊಬ್ಬರೇ ಕೂರಿ, ಯಾರಿಗೂ ಹೇಳಬೇಡಿ. ಕಳೆದ ಬಾರಿ ಯಾರಾದರೂ ಕೆಟ್ಟ ಸುದ್ದಿ ತಂದಾಗ ನಿಮ್ಮ ಮುಖ ಹೇಗಾಗಿತ್ತು, ಮೊದಲು ಯಾವ ಮಾತು ಹೊರಟಿತು ಎಂಬುದನ್ನು ನೆನೆದು, ಆಗ ನಿಮ್ಮೊಳಗೆ ಎದ್ದ ಭಯ ಯಾವುದೆಂದು ನೋಡಿ. ಮುಂದಿನ ಬಾರಿ ಸುದ್ದಿ ತಂದವರನ್ನು ಕೂರಿಸಿ, ಪೂರ್ತಿ ಕೇಳಿ, ತಂದದ್ದಕ್ಕೆ ಕೃತಜ್ಞತೆ ಹೇಳಿ. ಆರು ತಿಂಗಳ ನಂತರ ನಿಮ್ಮ ಕೋಣೆಗೆ ಬರುವ ಕೆಟ್ಟ ಸುದ್ದಿಗಳ ಸಂಖ್ಯೆ ಏರಿದೆಯೇ ಎಂಬುದನ್ನು ನನಗೆ ಬರೆದು ತಿಳಿಸಿ.