ಮಾರ್ವೆಲ್, ಡಿಸಿ ಬಿಟ್ಟು ಬೇರೆ ಕಾಮಿಕ್ಸ್ ಸರಣಿಗಳ ಇತ್ತೀಚಿನ ಸಂಚಿಕೆಗಳು ಹೇಗಿವೆ? ಬಿಡಿಯಾಗಿ ಓದಬೇಕಾ, ಪುಸ್ತಕವಾಗಿ ಬರುವವರೆಗೆ ಕಾಯಬೇಕಾ?

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ಉತ್ತರವೂ ಅದರ ಬಾಲ ಹಿಡಿದೇ ಬರುತ್ತದೆ.

ನಮ್ಮ ದೊಡ್ಡಮ್ಮನಿಗೆ ವಾರಪತ್ರಿಕೆಯ ಧಾರಾವಾಹಿಗಳ ಹುಚ್ಚು. ಸುಧಾ, ತರಂಗ ಎರಡೂ ಮನೆಗೆ ಬರುತ್ತಿದ್ದವು. ಧಾರಾವಾಹಿ ಮುಗಿದ ಮೇಲೆ ಹಾಳೆಗಳನ್ನು ಕಿತ್ತು, ದಬ್ಬಣದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದು, ಮೇಲೊಂದು ಹಳೇ ಕ್ಯಾಲೆಂಡರಿನ ರಟ್ಟು ಅಂಟಿಸಿ ಇಡುತ್ತಿದ್ದರು. ಆದರೆ ಮುಗಿಯುವವರೆಗೆ ಕಾದವರಲ್ಲ. ವಾರವಾರ ಓದಿ, ಪತ್ರಿಕೆಯನ್ನು ಅಮ್ಮನ ಕೈಗೆ ಕೊಡುವಾಗ ಒಂದೇ ಮಾತಿನ ವಿಮರ್ಶೆ ಕೊಡುತ್ತಿದ್ದರು. ಬೇಜಾರಾಗಿದ್ದರೆ, "ಈ ವಾರ ಏನೂ ಆಗಲಿಲ್ಲ ಕಣೇ." ನಾನು ಬಾಲಮಂಗಳದ ಡಿಂಗನಿಂದ ಹೊರಟು ಅಮೆರಿಕದ ಇಮೇಜ್ ಪ್ರಕಾಶನದ ಕಾಮಿಕ್ಸ್‌ವರೆಗೆ ಬಂದಿದ್ದೇನೆ. ಬಿಡಿ ಸಂಚಿಕೆ ಅಳೆಯಲು ಇವತ್ತಿಗೂ ನನ್ನ ಹತ್ತಿರ ಇರುವುದು ಅದೊಂದೇ ಸೇರು.

ಈಗಿನ ಇಂಡಿ ಸರಣಿಗಳಲ್ಲಿ, ಅಂದರೆ ಮಾರ್ವೆಲ್, ಡಿಸಿ ಅಲ್ಲದವುಗಳಲ್ಲಿ, ಅರ್ಧಕ್ಕಿಂತ ಜಾಸ್ತಿ ಈ ಸೇರು ತುಂಬುವುದಿಲ್ಲ. ಒಂದು ಸಂಚಿಕೆ ಎಂದರೆ ಇಪ್ಪತ್ತು ಚಿಲ್ಲರೆ ಪುಟ. ಬೆಲೆ ನಾಲ್ಕು ಡಾಲರಿನ ಆಸುಪಾಸು, ಅಂದರೆ ನಮಗೆ ಮುನ್ನೂರು ರೂಪಾಯಿಗೂ ಮೇಲೆ. ಐದೋ ಆರೋ ಸಂಚಿಕೆ ಸೇರಿದರೆ ಒಂದು ಪುಸ್ತಕ. ಬರೆಯುವವರ ಕಣ್ಣೆಲ್ಲ ಆ ಪುಸ್ತಕದ ಮೇಲೆ. ಹಾಗಾಗಿ ಎರಡನೇ, ಮೂರನೇ ಸಂಚಿಕೆಗಳಲ್ಲಿ ಜನ ಸುಮ್ನೆ ಕಾರಿಡಾರಿನಲ್ಲಿ ನಡೆಯುತ್ತಾ ಇರುತ್ತಾರೆ. ಹತ್ತು ನಿಮಿಷದಲ್ಲಿ ಓದಿ ಮುಗಿಯುತ್ತದೆ, ಇನ್ನೊಂದು ತಿಂಗಳು ಕಾಯಬೇಕು. 'ಸಮ್‌ಥಿಂಗ್ ಈಸ್ ಕಿಲ್ಲಿಂಗ್ ದಿ ಚಿಲ್ಡ್ರನ್' ನನಗೆ ಇಷ್ಟವೇ. ವೆರ್ತರ್ ಡೆಲ್ಲೆಡೆರಾ ಬಿಡಿಸಿದ ನಾಯಕಿ ಎರಿಕಾ ಸ್ಲಾಟರಳ ಆ ದೊಡ್ಡ ಕಣ್ಣುಗಳು ಕನಸಿಗೂ ಬಂದಿವೆ. 2019ರಲ್ಲಿ ಶುರುವಾದಾಗ ಅದು ಕೆಲವೇ ಸಂಚಿಕೆಗಳ ಕತೆ ಆಗಬೇಕಿತ್ತು, ಜನ ಮುಗಿಬಿದ್ದಿದ್ದರಿಂದ ಬೆಳೆಯಿತು. ಆ ಬೆಳೆದದ್ದು ಬಿಡಿಯಾಗಿ ಓದುವಾಗ ಗೊತ್ತಾಗುತ್ತದೆ. ಕೆಲವು ಸಂಚಿಕೆಗಳಲ್ಲಿ ನಾಲ್ಕು ಪುಟ ಮೌನ, ಒಂದು ಪುಟ ರಕ್ತ, ಮತ್ತೆ ಮೌನ. ಅದನ್ನು ಪುಸ್ತಕವಾಗಿ ಓದಿ. ಒಂದೇ ರಾತ್ರಿ ಕೂತು ಓದಿದರೆ ಅದೇ ಮೌನ ಹೆದರಿಸುತ್ತದೆ.

ಈಗ ಸೇರು ತುಂಬಿ ಚೆಲ್ಲುವಂಥವು. ನನ್ನ ಮೊದಲ ಹೆಸರು 'ದಿ ಪವರ್ ಫ್ಯಾಂಟಸಿ'. ಕೀರನ್ ಗಿಲ್ಲೆನ್ ಬರೆದಿದ್ದು, ಕ್ಯಾಸ್ಪರ್ ವೈನ್‌ಗಾರ್ಡ್ ಬಿಡಿಸಿದ್ದು, 2024ರ ಆಗಸ್ಟ್‌ನಲ್ಲಿ ಇಮೇಜ್‌ನಿಂದ ಶುರುವಾಯಿತು. ಪ್ರಪಂಚದಲ್ಲಿ ಆರು ಜನ ಇದ್ದಾರೆ. ಅಣುಬಾಂಬು ಇಟ್ಟುಕೊಂಡ ಒಂದು ದೇಶಕ್ಕೆ ಎಷ್ಟು ಶಕ್ತಿ ಇದೆಯೋ ಅವರಲ್ಲಿ ಒಬ್ಬೊಬ್ಬರಿಗೂ ಅಷ್ಟಿದೆ. ಇವರು ಕೈಕೈ ಮಿಲಾಯಿಸಿದರೆ ಭೂಮಿಯೇ ಇರುವುದಿಲ್ಲ. ಆದ್ದರಿಂದ ಹೊಡೆದಾಡುವಂತಿಲ್ಲ. ಅಷ್ಟೇ ಕತೆ. ಸೂಪರ್‌ಹೀರೋ ಕಾಮಿಕ್ಸ್ ಅಂದರೆ ಹೊಡೆದಾಟ ಅಂದುಕೊಂಡವರಿಗೆ ಇದು ತಲೆಕೆಳಗು. ಇಲ್ಲಿ ಮಾತೇ ಆಯುಧ. ಒಟ್ಟು ಕುಟುಂಬದಲ್ಲಿ ಆಸ್ತಿ ಪಾಲಿನ ವಿಷಯ ಬಂದಾಗ ಎಲ್ಲರೂ ಎಷ್ಟು ನಯವಾಗಿ ಮಾತಾಡುತ್ತಾರೆ ನೋಡಿದ್ದೀರಾ? "ಕಾಫಿ ತಗೋ, ಆಮೇಲೆ ಮಾತಾಡೋಣ" ಅನ್ನುವ ಆ ಧಾಟಿ? ಇಡೀ ಸರಣಿ ಆ ಧಾಟಿಯಲ್ಲಿದೆ.

ಅದರಲ್ಲಿ ಮಸುಮಿ ಅಂತ ಒಬ್ಬ ಚಿತ್ರಕಲಾವಿದೆ. ಅವಳ ಮನಸ್ಸು ಮುರಿದರೆ ಒಂದು ಮಹಾ ದೈತ್ಯ ಎದ್ದು ಬರುತ್ತದೆ. ಹಾಗಾಗಿ ಅವಳ ಚಿತ್ರಗಳ ಬಗ್ಗೆ ಕೆಟ್ಟ ಮಾತು ಅವಳ ಕಿವಿಗೆ ಬೀಳಬಾರದು! ಓದುವಾಗ ಮೊದಲು ನಕ್ಕೆ. ಎರಡು ಪುಟ ಆದ ಮೇಲೆ ನಗು ಬರಲಿಲ್ಲ. ತನ್ನ ಕೆಲಸ ನಿಜಕ್ಕೂ ಚೆನ್ನಾಗಿದೆಯಾ ಅಂತ ಆ ಹುಡುಗಿಗೆ ಯಾವತ್ತೂ ಗೊತ್ತಾಗುವುದಿಲ್ಲ, ಅಲ್ವಾ? ಒಂದು ತಮಾಷೆಯನ್ನು ಹಿಡಿದು ಅದು ನೋವಾಗುವವರೆಗೆ ಎಳೆಯುವುದು ಗಿಲ್ಲೆನ್‌ಗೆ ಗೊತ್ತಿದೆ. ವೈನ್‌ಗಾರ್ಡ್ ಬಣ್ಣಗಳು ಗುಲಾಬಿ, ತಿಳಿನೀಲಿ. ಪ್ರಳಯದ ಕತೆಗೆ ಬತ್ತಾಸಿನ ಬಣ್ಣ.

ದೂರು ಇಲ್ಲ ಅಂತಲ್ಲ. ಕತೆ ನಡೆಯುವುದು 1999ರಲ್ಲಿ, ಆದರೆ ಮಧ್ಯೆ ಮಧ್ಯೆ ಹಿಂದಿನ ದಶಕಗಳಿಗೆ ಹೋಗುತ್ತದೆ. ಯಾರು ಯಾರಿಗೆ ಯಾವಾಗ ಏನು ಮಾಡಿದರು ಅಂತ ನೆನಪಿಟ್ಟುಕೊಳ್ಳಬೇಕು. ಒಂದು ತಿಂಗಳ ಬಿಡುವಿನಲ್ಲಿ ನನಗೆ ಮರೆತೇಹೋಗುತ್ತದೆ. ಈಗೀಗ ಹೊಸದು ಬಂದಾಗ ಹಿಂದಿನದನ್ನು ಇನ್ನೊಂದು ಸಲ ಓದಿ ಕೂರುತ್ತೇನೆ. ಮಾತು ತುಂಬಿದ ಬಲೂನುಗಳೂ ಜಾಸ್ತಿ. ಆದರೂ ಓದಿ ಮುಗಿಸಿ "ಈ ಸಲ ಏನೂ ಆಗಲಿಲ್ಲ" ಅಂದಿದ್ದು ನೆನಪಿಲ್ಲ. ಬರೀ ಮಾತಿನಲ್ಲೇ ಇಷ್ಟೆಲ್ಲ ಆಗುತ್ತದೆ.

ಬಿಡಿ ಸಂಚಿಕೆಯಾಗಿಯೇ ಓದಬೇಕು ಅಂತ ನಾನು ಹಠ ಮಾಡುವುದು 'ಐಸ್ ಕ್ರೀಮ್ ಮ್ಯಾನ್'ಗೆ. ಡಬ್ಲ್ಯು. ಮ್ಯಾಕ್ಸ್‌ವೆಲ್ ಪ್ರಿನ್ಸ್ ಮತ್ತು ಮಾರ್ಟಿನ್ ಮೊರಾಜೊ 2018ರಿಂದ ಮಾಡುತ್ತಿದ್ದಾರೆ. ಸಂಚಿಕೆಗೊಂದು ಕತೆ, ಅಲ್ಲಿಗೇ ಮುಗಿಯಿತು. ಎಲ್ಲೋ ಒಂದು ಮೂಲೆಯಲ್ಲಿ ಆ ಐಸ್‌ಕ್ರೀಮ್ ಮಾರುವವನು ಹಲ್ಲು ಕಿರಿಯುತ್ತಾ ನಿಂತಿರುತ್ತಾನೆ. ಭಯದ ಕತೆಗಳು ಅನ್ನುತ್ತಾರೆ, ನನಗೆ ಅವು ದುಃಖದ ಕತೆಗಳು. ಇವರ ಹುಚ್ಚಾಟ ಇರುವುದು ಕಟ್ಟುವ ರೀತಿಯಲ್ಲಿ. 13ನೇ ಸಂಚಿಕೆ ನಮ್ಮ 'ವಿಕಟಕವಿ' ಪದದ ಥರ. ಮುಂದಿನಿಂದ ಓದಿದರೂ ಸರಿ, ಹಿಂದಿನಿಂದ ಓದಿದರೂ ಸರಿ. ಅದರ ಮುಂದಿನದರಲ್ಲಿ ಪದಬಂಧ. ಒಂದರಲ್ಲಿ ಮಕ್ಕಳ ಪ್ರಾಸಪದ್ಯದ ಪುಸ್ತಕದ ಧಾಟಿ, ಒಳಗೆ ಮಾತ್ರ ಮಕ್ಕಳಿಗೆ ತೋರಿಸುವಂಥದ್ದಲ್ಲ. ಇಷ್ಟು ವರ್ಷ ಆಟ ಆಡಿದರೆ ಕೆಲವು ಸಂಚಿಕೆ ಬರೀ ಆಟವಾಗಿ ಉಳಿಯುತ್ತವೆ. ಈಚಿನವುಗಳಲ್ಲಿ ಮೂರಕ್ಕೆ ಒಂದು ಹಾಗೆ ಅನ್ನಿಸಿದೆ, ಜಾಣತನ ಕಾಣುತ್ತದೆ, ಎದೆಗೆ ತಾಗುವುದಿಲ್ಲ. ಆದರೆ ಯಾವ ಸಂಖ್ಯೆಯಿಂದ ಬೇಕಾದರೂ ಶುರು ಮಾಡಬಹುದು, ಇಷ್ಟವಾಗದಿದ್ದರೆ ಕಳೆದುಕೊಂಡದ್ದು ಒಂದೇ ಸಂಚಿಕೆ. ಐದು ಒಟ್ಟಿಗೆ ಮಾತ್ರ ಓದಬೇಡಿ, ಎರಡು ದಿನ ಊಟ ಸೇರುವುದಿಲ್ಲ.

'ಸಾಗಾ' ಬಗ್ಗೆ ಹೇಳದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಬ್ರಯಾನ್ ಕೆ. ವಾನ್ ಬರೆದು ಫಿಯೋನಾ ಸ್ಟೇಪಲ್ಸ್ ಬಿಡಿಸುವ ಈ ಸರಣಿ 2012ರ ಮಾರ್ಚ್‌ನಲ್ಲಿ ಶುರುವಾಯಿತು. ಯುದ್ಧದಲ್ಲಿರುವ ಎರಡು ಲೋಕಗಳ ಇಬ್ಬರು ಸೈನಿಕರು ಪ್ರೀತಿಸಿ ಓಡಿಹೋಗುತ್ತಾರೆ, ಮಗು ಹುಟ್ಟುತ್ತದೆ, ಆ ಮಗಳು ಹೇಜಲ್ ದೊಡ್ಡವಳಾದ ಮೇಲೆ ಕತೆ ಹೇಳುತ್ತಾಳೆ. ಅವಳ ಮಾತುಗಳು ಬಲೂನಿಲ್ಲದೆ, ಚಿತ್ರದ ಮೇಲೇ ಕೈಬರಹದಲ್ಲಿ ಇರುತ್ತವೆ. ಅದು ಸ್ಟೇಪಲ್ಸ್ ಅವರದೇ ಕೈಬರಹ. 2018ರ ಜುಲೈನಲ್ಲಿ 54ನೇ ಸಂಚಿಕೆ ಬಂತು. ಕೊನೆಯ ಪುಟಗಳಲ್ಲಿ ಏನಾಯಿತು ಅಂತ ಹೇಳುವುದಿಲ್ಲ, ನಾನು ಆಫೀಸಿನ ಕ್ಯಾಬ್‌ನಲ್ಲಿ ಕೂತು ಅತ್ತೆ. ಒಂದು ವರ್ಷ ಬಿಡುವು ಅಂದರು. 55ನೆಯದು ಬಂದಿದ್ದು 2022ರ ಜನವರಿಯಲ್ಲಿ! ಒಟ್ಟು 108 ಸಂಚಿಕೆ ಅಂತ ಲೆಕ್ಕ ಹೇಳಿದ್ದಾರೆ, ಅಂದರೆ ಸರಿಯಾಗಿ ಅರ್ಧದಲ್ಲಿ ನಿಂತಿದ್ದರು. ವಾಪಸ್ ಬಂದ ಸಂಚಿಕೆಗೆ 44 ಪುಟ, ಬೆಲೆ ಮಾತ್ರ ಹಳೇ 2.99 ಡಾಲರ್. ಅದಕ್ಕೆ ಅವರಿಗೊಂದು ನಮಸ್ಕಾರ.

ಆದರೆ ವಾಪಸ್ ಬಂದ ಮೇಲಿನ ಸಂಚಿಕೆಗಳು? ಸುಳ್ಳು ಯಾಕೆ, ಸಡಿಲವಾಗಿವೆ. ಹೇಜಲ್‌ಗೆ ಹತ್ತು ವರ್ಷ ಆಗಿದೆ, ಅವಳಿರುವ ಪುಟಗಳೆಲ್ಲ ಚೆಂದ. ಉಳಿದ ಪಾತ್ರಗಳನ್ನು ಮಾತ್ರ ಒಂದೊಂದಾಗಿ ಹಾಜರಿ ಕರೆದ ಹಾಗಿದೆ. ಈ ತಿಂಗಳು ಇವರ ನಾಲ್ಕು ಪುಟ, ಅವರ ಮೂರು ಪುಟ. ಕೊನೆಯ ಪುಟದಲ್ಲಿ ಒಂದು ಬೆಚ್ಚಿಬೀಳುವ ಚಿತ್ರ ಇರಲೇಬೇಕು ಅನ್ನುವುದು ಅಭ್ಯಾಸವಾಗಿಬಿಟ್ಟಿದೆ, ನನಗೂ ಬೆಚ್ಚದೆ ಇರುವುದು ಅಭ್ಯಾಸವಾಗಿದೆ. 66ರ ನಂತರ ಮತ್ತೆ ಬಿಡುವು ಬಂತು. ದೊಡ್ಡಮ್ಮ ಆಗಿದ್ದರೆ ಪತ್ರಿಕೆ ಕೊಡುವಾಗ ಏನು ಹೇಳುತ್ತಿದ್ದರು ಅಂತ ಗೊತ್ತು. ಆದರೂ ನಾನು ಬಿಡಿಯಾಗಿಯೇ ಓದುತ್ತಿದ್ದೇನೆ. ಕಾರಣ ಕೊನೆಯ ಓದುಗರ ಪತ್ರಗಳ ಪುಟ. ಇಮೇಲ್ ಇಲ್ಲ, ಅಂಚೆಯಲ್ಲೇ ಬರೆಯಬೇಕು. ಮಗು ಹುಟ್ಟಿದವರು, ಗಂಡ ಬಿಟ್ಟವರು, ಕೆಲಸ ಹೋದವರು ಬರೆಯುತ್ತಾರೆ. ಪುಸ್ತಕ ಮಾಡುವಾಗ ಅದನ್ನು ಕೈಬಿಡುತ್ತಾರೆ.

ಬಿಡಿಯಾಗಿ ಓದುವವರಿಗೆ ಮಾತ್ರ ಸಿಕ್ಕ ಇನ್ನೊಂದು ಸುಖ ಇದೆ. 'ದಿ ವಾಕಿಂಗ್ ಡೆಡ್' 2003ರಿಂದ ನಡೆದ ಸರಣಿ. 2019ರ ಜುಲೈನಲ್ಲಿ 193ನೇ ಸಂಚಿಕೆಯಲ್ಲಿ ಹೇಳದೆ ಕೇಳದೆ ಮುಗಿಸಿಬಿಟ್ಟರು. ಯಾರಿಗೂ ಅನುಮಾನ ಬರದಿರಲಿ ಅಂತ ಮುಂದಿನ ಸಂಚಿಕೆಗಳ ಸುಳ್ಳು ಮುಖಪುಟಗಳನ್ನೂ ಮಾಡಿಸಿ ಜಾಹೀರಾತು ಕೊಟ್ಟಿದ್ದರು. ಪುಟ ತಿರುಗಿಸುತ್ತಾ ತಿರುಗಿಸುತ್ತಾ, ಅರೆ, ಇದು ಮುಗೀತಾ ಇದೆಯಾ ಅಂತ ಅನ್ನಿಸಿದ ಆ ಕ್ಷಣ! ಪುಸ್ತಕಕ್ಕೆ ಕಾದವರ ಕೈಗೆ ಅದು ಬರುವಷ್ಟರಲ್ಲಿ ಲೋಕಕ್ಕೆಲ್ಲ ವಿಷಯ ಗೊತ್ತಾಗಿತ್ತು.

'ಡಿಪಾರ್ಟ್‌ಮೆಂಟ್ ಆಫ್ ಟ್ರುತ್' ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಾಕಷ್ಟು ಜನ ಒಂದು ಸುಳ್ಳನ್ನು ನಂಬಿದರೆ ಅದು ನಿಜವಾಗಿಬಿಡುತ್ತದೆ, ಅದನ್ನು ತಡೆಯಲು ಒಂದು ಗುಪ್ತ ಇಲಾಖೆ. ವಾಟ್ಸಾಪ್ ಗುಂಪುಗಳಲ್ಲಿ ಬದುಕುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಟಿನ್ ಸಿಮಂಡ್ಸ್ ಚಿತ್ರಗಳು ಒದ್ದೆ ಗೋಡೆಯ ಮೇಲಿನ ಕಲೆಗಳ ಹಾಗೆ, ನೋಡುತ್ತಾ ನೋಡುತ್ತಾ ಮುಖ ಮೂಡುತ್ತದೆ. ಆದರೆ ಮಧ್ಯೆ ದೊಡ್ಡ ಬಿಡುವು ತೆಗೆದುಕೊಂಡರು. ಮರಳಿ ಬಂದಾಗ ನನಗೆ ಎಳೆ ತಪ್ಪಿತ್ತು, ಇನ್ನೂ ಸಿಕ್ಕಿಲ್ಲ. 'ಲೋಕಲ್ ಮ್ಯಾನ್' ಇದಕ್ಕೆ ವಿರುದ್ಧ, ಹಗುರ, ಮಜಾ. ತಂಡದಿಂದ ಒದೆಸಿಕೊಂಡ ಸೂಪರ್‌ಹೀರೋ ಸೋತ ಮುಖ ಹೊತ್ತು ಅಪ್ಪ ಅಮ್ಮನ ಮನೆಗೆ, ಸಣ್ಣ ಊರಿಗೆ ವಾಪಸ್ ಬರುತ್ತಾನೆ. ಊರಿನವರು ಬಿಡುತ್ತಾರಾ? ಸಂಚಿಕೆಯನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ 1990ರ ದಶಕದ ಕಾಮಿಕ್ಸ್ ಧಾಟಿಯಲ್ಲಿ ಅವನ ಹಳೇ ಸಾಹಸ. ಆ ದಶಕದಲ್ಲೇ, 1992ರಲ್ಲಿ, ಮಾರ್ವೆಲ್ ಬಿಟ್ಟು ಬಂದ ಏಳು ಚಿತ್ರಕಾರರು ಪಾತ್ರಗಳ ಹಕ್ಕು ನಮ್ಮದೇ ಇರಲಿ ಅಂತ ಇಮೇಜ್ ಕಟ್ಟಿದ್ದು. ಅವತ್ತಿನ ಉಬ್ಬಿದ ತೋಳು, ಲೆಕ್ಕವಿಲ್ಲದಷ್ಟು ಜೇಬಿನ ಬೆಲ್ಟುಗಳನ್ನು ಇಮೇಜ್‌ನಲ್ಲೇ ಪ್ರಕಟಿಸಿ ಅಣಕಿಸಿದ್ದಾರೆ.

ನೀವು ಹೊಸಬರು ಅಂತ ಪ್ರಶ್ನೆಯ ಧಾಟಿಯಲ್ಲಿ ಅನ್ನಿಸಿತು. ಹಾಗಿದ್ದರೆ ನಡೆಯುತ್ತಿರುವ ಸರಣಿಗಳಿಗೆ ಕೈ ಹಾಕುವ ಮೊದಲು ರಾಮ್ ವಿ ಬರೆದ ಪುಟ್ಟ ಸರಣಿಗಳನ್ನು ಓದಿ. 'ದಿ ಮೆನಿ ಡೆತ್ಸ್ ಆಫ್ ಲೈಲಾ ಸ್ಟಾರ್' 2021ರಲ್ಲಿ ಬಂತು, ಐದೇ ಸಂಚಿಕೆ. ಸಾವಿನ ದೇವತೆಗೆ ಕೆಲಸ ಹೋಗುತ್ತದೆ, ಮುಂಬಯಿಯಲ್ಲಿ ಒಬ್ಬ ಹುಡುಗಿಯ ದೇಹಕ್ಕೆ ಬಂದು ಬೀಳುತ್ತಾಳೆ. ಸಂಚಿಕೆಯಿಂದ ಸಂಚಿಕೆಗೆ ವರ್ಷಗಳು ಹಾರುತ್ತವೆ. ನಡುವಿನ ವರ್ಷಗಳನ್ನು ನಾವೇ ತುಂಬಿಕೊಳ್ಳಬೇಕು. ಚಿತ್ರ ಬಿಡಿಸಿದ ಫಿಲಿಪೆ ಆಂದ್ರಾದೆ ಪೋರ್ಚುಗಲ್‌ನವರು, ಆದರೂ ಅವರ ಮುಂಬಯಿಯ ಸಂಜೆ ಬೆಳಕು ನಿಜವಾದದ್ದು. ಇದೇ ಜೋಡಿಯ 'ರೇರ್ ಫ್ಲೇವರ್ಸ್' 2023ರಲ್ಲಿ ಶುರುವಾಯಿತು. ಊಟದ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟ ಒಬ್ಬ ರಾಕ್ಷಸ. ಹೆಸರು ರೂಬಿನ್ ಬಕ್ಷ್. ಕನ್ನಡದವರಿಗೆ ಬಕಾಸುರನೂ ಅವನ ಬಂಡಿ ಅನ್ನವೂ ನೆನಪಾಗದೆ ಇರುತ್ತದಾ? ಅಡುಗೆ ಮಾಡುವ ವಿಧಾನ ಕತೆಯ ಜೊತೆಗೇ ಹೆಣೆದುಕೊಂಡು ಬರುತ್ತದೆ. ಹಸಿದಿದ್ದಾಗ ಓದಬೇಡಿ.

ಆದರೆ ನನಗೆ ರಾಮ್ ವಿ ಬರೆದವುಗಳಲ್ಲಿ ತುಂಬ ಹತ್ತಿರದ್ದು 2018ರ 'ದೀಸ್ ಸಾವೇಜ್ ಶೋರ್ಸ್'. ಸುಮಿತ್ ಕುಮಾರ್ ಚಿತ್ರ, ಬಲೂನಿನೊಳಗಿನ ಅಕ್ಷರ ಮೂಡಿಸಿದ್ದು ಪುಣೆಯ ಆದಿತ್ಯ ಬಿಡಿಕರ್. 1766ರಲ್ಲಿ ಲಂಡನ್ನಿನಿಂದ ಒಂದು ರಕ್ತಪಿಶಾಚಿ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ ಮಲಬಾರಿಗೆ ಬರುತ್ತದೆ. ಇಲ್ಲಿ ತನಗಿಂತ ಹಳಬರು ಇದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಹೈದರ್ ಅಲಿ ಮಲಬಾರಿನ ಮೇಲೆ ದಂಡೆತ್ತಿ ಹೋಗಿದ್ದೂ 1766ರಲ್ಲೇ. ನಮ್ಮ ಶಾಲೆಯ ಪುಸ್ತಕದಲ್ಲಿ ಅದು ಒಂದು ಸಾಲು, ಮೈಸೂರಿನ ಕಡೆಯಿಂದ ಬರೆದ ಸಾಲು. ದಂಡು ಯಾರ ಊರಿಗೆ ಬರುತ್ತಿದೆಯೋ ಅವರ ಅಂಗಳದಲ್ಲಿ ನಿಂತು ನೋಡಿದರೆ ಹೇಗಿರುತ್ತದೆ ಅಂತ ನನಗೆ ಹೊಳೆದದ್ದು ಈ ಐದು ಸಂಚಿಕೆಗಳನ್ನು ಓದುವಾಗ. ಒಂದು ಪುಟಕ್ಕೆ ಒಂಬತ್ತು ಸಮ ಚೌಕ, ಆಗಾಗ ಚೌಕದ ಒಳಗೆ ಕಾಗದದ ಸಾಲುಗಳು. ಆ ಬಿಗಿ ನಂತರದ ಅವರ ಕೆಲಸದಲ್ಲಿ ಸ್ವಲ್ಪ ಸಡಿಲವಾಗಿದೆ ಅಂತ ನನ್ನ ಅನಿಸಿಕೆ.

ಎಲ್ಲಿ ಸಿಗುತ್ತದೆ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಅದಕ್ಕೂ ಹೇಳಿಬಿಡುತ್ತೇನೆ. ಕಾಗದದ ಬಿಡಿ ಸಂಚಿಕೆ ಬೆಂಗಳೂರಿನಲ್ಲಿ ಹುಡುಕುವುದು ಕಷ್ಟ. ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಪುಸ್ತಕ ರೂಪದವು ಸಿಗುತ್ತವೆ, ಅದೃಷ್ಟ ಇದ್ದರೆ ಅರ್ಧ ಬೆಲೆಗೆ. ನಾನು ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿದೆ, ಪೋಸ್ಟರ್ ಥರ ಸುತ್ತಿ ಕಳಿಸಿದ್ದರು. ಒಂದು ವಾರ ನಿಘಂಟಿನ ಕೆಳಗೆ ಇಟ್ಟರೂ ಸರಿಹೋಗಲಿಲ್ಲ. ಈಗ ಡಿಜಿಟಲ್. ಅಮೆರಿಕದ ಅಂಗಡಿಗಳಿಗೆ ಬುಧವಾರ ಬರುವ ಇಮೇಜ್ ಸಂಚಿಕೆ ಸಾಮಾನ್ಯವಾಗಿ ಅದೇ ದಿನ ನಮಗೂ ಸಿಗುತ್ತದೆ. ಸಣ್ಣ ಪ್ರಕಾಶಕರದ್ದಾದರೆ ತಡವಾದಾಗ ಬೈಯಬೇಡಿ. ವರ್ಷಾನುಗಟ್ಟಲೆ ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆಲ್ಲ ಮಾಲು ಕಳಿಸುತ್ತಿದ್ದ ಡೈಮಂಡ್ ಎಂಬ ವಿತರಕ ಸಂಸ್ಥೆ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ದೊಡ್ಡವರು ಮೊದಲೇ ಬೇರೆ ವಿತರಕರ ಹತ್ತಿರ ಹೋಗಿದ್ದರು, ಸಿಕ್ಕಿಹಾಕಿಕೊಂಡವರು ಸಣ್ಣವರು.

ನಾಳೆಯೇ ಶುರು ಮಾಡುತ್ತೀರಿ ಅಂದರೆ 'ಪವರ್ ಫ್ಯಾಂಟಸಿ'ಯ ಮೊದಲನೆಯದು, 'ಐಸ್ ಕ್ರೀಮ್ ಮ್ಯಾನ್'ನ 13ನೆಯದು. ಎರಡೇ ಸಾಕು. 13ನ್ನು ಹಿಂದಿನಿಂದ ಓದುವಾಗ ಪುಟಗಳನ್ನಷ್ಟೇ ಅಲ್ಲ, ಚೌಕಗಳನ್ನೂ ಹಿಂದಿನಿಂದಲೇ ಓದಿ. ನಾನು ಮೊದಲ ಸಲ ಅಲ್ಲೇ ಎಡವಿದ್ದೆ.